ಜೈನಬ್ ಬಾಯಿಯವರ ಕುರಿಗಳು

ಮಮದಾಪುರದ ಕೆರೆಯ ಅಂಗಳದಲ್ಲಿ ಏರುಬಿಸಿಲಿಗೆ ನಿಂತು, ಎಡಗೈಯಲ್ಲಿ ಜೇಬುಗಡಿಯಾರ, ಬಲಗೈಯಲ್ಲಿ ಪೆನ್ಸಿಲು ಹಿಡಿದು, ಒಂದು ಕುರಿ ಎಷ್ಟು ಸುತ್ತು ತಿರುಗಿತು ಎಂದು ಎಣಿಸುತ್ತಿದ್ದ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ. ನಾನು ಕಂಡಿದ್ದೇನೆ. ಪಕ್ಕದಲ್ಲಿ ಕೊಡೆ ಹಿಡಿದು ನಿಂತವಳು ನಾನೇ. ಕೊಡೆ ಅವರಿಗಲ್ಲ, ನೋಟುಬುಕ್ಕಿಗೆ. ಬಿಳಿ ಹಾಳೆಯ ಮೇಲೆ ಬಿಸಿಲು ಬಿದ್ದರೆ ಬರೆದದ್ದು ಕಾಣುವುದಿಲ್ಲವೆಂದು. ಹಾದಿಯಲ್ಲಿ ಹೋಗುವವರು ಯಾರಾದರೂ "ಏನ್ ನಡಸೀರಿ ಬಾಯಾರ?" ಎಂದು ಕೇಳಿದರೆ ತಲೆ ಎತ್ತದೆಯೇ ಗದರುತ್ತಿದ್ದರು: "ಐದ ಮಿನಿಟ ಬಾಯಿ ಮುಚ್ಚಿ ನಿಲ್ರಿ. ಎಣಿಕಿ ತಪ್ಪಿದ್ರ ನಿಮ್ಮನ್ನ ತಿರುಗಸ್ತೀನಿ."

ಜೈನಬ್ ಬಾಯಿ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಲೆಕ್ಚರರು. ಎಪ್ಪತ್ತರ ದಶಕದ ನಡುವಿನ ಮಾತು ಇದು. ನಾವೆಲ್ಲ ವಿಜಾಪುರ ಎನ್ನುತ್ತಿದ್ದ ಊರಲ್ಲಿ ಅವರ ಮನೆತನ ಎಷ್ಟೋ ತಲೆಮಾರಿನಿಂದ ಇತ್ತು. ಅಣ್ಣಂದಿರಿಗೆ ಅರಿವೆ ಅಂಗಡಿ. ಇವರೊಬ್ಬರೇ ಧಾರವಾಡಕ್ಕೆ ಹೋಗಿ ಎಂ.ಎಸ್ಸಿ. ಮಾಡಿ ಬಂದವರು. ನಲವತ್ತರ ಹತ್ತಿರ ವಯಸ್ಸು, ಮದುವೆಯಾಗಿರಲಿಲ್ಲ. ಎತ್ತರದ ಆಳು, ದೊಡ್ಡ ದನಿ, ಮತ್ತು ಇಡೀ ಕಾಲೇಜಿಗೇ ಗೊತ್ತಿದ್ದ ಸಿಟ್ಟು.

ಆ ಸಿಟ್ಟು ಬರುತ್ತಿದ್ದದ್ದು ಬೇರೆಯವರಿಗೆ ಸಿಟ್ಟು ಬರದ ಜಾಗದಲ್ಲಿ. ತಡವಾಗಿ ಬಂದರೆ ಬೈಯುತ್ತಿರಲಿಲ್ಲ. ಬಾಟಲಿ ಒಡೆದರೂ ಬೈಯುತ್ತಿರಲಿಲ್ಲ. ಆದರೆ ನಾನು ಮೊದಲನೇ ಸಲ ನೋಟುಬುಕ್ಕಿನಲ್ಲಿ "ಕುರಿ ಹೆದರಿ ಹಿಂದೆ ಸರಿಯಿತು" ಎಂದು ಬರೆದಾಗ, ಇಡೀ ತರಗತಿಯ ಮುಂದೆ ಎಬ್ಬಿಸಿ ನಿಲ್ಲಿಸಿದರು.

"ಹೆದರಿತು ಅಂತ ಯಾರ ಹೇಳಿದ್ರ ನಿನಗ? ಕುರಿ ಬಂದು ಕಿವ್ಯಾಗ ಹೇಳಿತೇನ?"

"ಹಿಂದ ಸರೀತಲ್ರೀ ಬಾಯಾರ, ಅದಕ್ಕ..."

"ಹಿಂದ ಸರೀತು. ಎಷ್ಟ ಹೆಜ್ಜಿ? ಯಾವ ಕಡೆ? ಅದನ್ನ ಬರಿ. ಹೆದರಿಕಿ ನಿಂದು, ಕುರೀದಲ್ಲ. ಕಂಡದ್ದ ಬರಿ ಅಂದ್ರ ತಿಳದದ್ದ ಬರೀತಾವ, ದರಿದ್ರವು."

ಟಿಕೋಟಾದಿಂದ ದಿನಾ ಬಸ್ಸಿಗೆ ಬಂದು ಬಿ.ಎಸ್ಸಿ. ಓದುತ್ತಿದ್ದ ನನಗೆ ಅಳು ಬಂತು. ಆದರೆ ಅವರ ಕೆಲಸಕ್ಕೆ ಜೊತೆಯಾಗಲು ಒಪ್ಪಿದ ವಿದ್ಯಾರ್ಥಿನಿಯೂ ನಾನೊಬ್ಬಳೇ. ನಮ್ಮ ಮನೆಯಲ್ಲಿ ಕುರಿಗಳಿದ್ದವು ಎಂಬುದು ಒಂದು ಕಾರಣ.

ಅವರ ಕೆಲಸ ಇಷ್ಟು. ನಮ್ಮ ಭಾಗದ ಕುರಿಗಳಿಗೆ ಒಂದು ಕಾಯಿಲೆ ಬರುತ್ತದೆ. ಹಿಂಡಿನಲ್ಲಿದ್ದ ಕುರಿ ಇದ್ದಕ್ಕಿದ್ದಂತೆ ಒಂದೇ ಕಡೆಗೆ ಗಿರಗಿರ ತಿರುಗತೊಡಗುತ್ತದೆ. ಕುರುಬರು ಅದಕ್ಕೆ ತಿರುಗಬ್ಯಾನಿ ಎನ್ನುತ್ತಾರೆ. ತಲೆಯೊಳಗೆ ಹುಳು ಸೇರಿ, ಮಿದುಳಿನಲ್ಲಿ ನೀರುಗುಳ್ಳೆಯಂಥ ಗಂಟು ಬೆಳೆದಿರುತ್ತದೆ. ಕುರಿ ಬದುಕುವುದಿಲ್ಲ. ಜೈನಬ್ ಬಾಯಿಗೆ ಬೇಕಾಗಿದ್ದದ್ದು ಈ ಎರಡರ ನಂಟು: ಗಂಟು ಎಲ್ಲಿದ್ದರೆ ಕುರಿ ಹೇಗೆ ನಡೆಯುತ್ತದೆ?

"ಪರದೇಶದಾಗ ಇಲಿ ತಲಿಯೊಳಗ ತಂತಿ ಇಳಿಸಿ ನೋಡತಾರ, ಮಿದುಳಿನ ಯಾವ ಜಾಗಾ ಯಾವ ಕೆಲಸ ಮಾಡತೈತಿ ಅಂತ" ಎಂದು ಒಮ್ಮೆ ಬಬಲೇಶ್ವರದಲ್ಲಿ ಬಸ್ಸಿಗೆ ಕಾಯುತ್ತ ಹೇಳಿದ್ದರು. "ನಮ್ಮ ಕಾಲೇಜಿನ್ಯಾಗ ಇಲಿ ಪಂಜರಾನೂ ಇಲ್ಲ. ಆದ್ರ ಇಲ್ಲಿ ಆ ತಂತಿ ಕೆಲಸ ಹುಳಾನ ಮಾಡಿ ಇಟ್ಟೈತಿ. ನೋಡೂದಷ್ಟ ಬಾಕಿ. ಅದನ್ನೂ ನೆಟ್ಟಗ ನೋಡೂದಿಲ್ಲ ಅಂದ್ರ ಹೆಂಗ?"

ನೋಡುವುದಕ್ಕೆ ಅವರದೊಂದು ಕಟ್ಟುನಿಟ್ಟು ಇತ್ತು. ದಿನಾ ಅದೇ ಹೊತ್ತಿಗೆ ಐದು ನಿಮಿಷ. ಬೇನೆಯ ಕುರಿಯ ಜೊತೆಗೆ ಅದೇ ಹಿಂಡಿನ, ಅದೇ ವಯಸ್ಸಿನ ಗಟ್ಟಿಮುಟ್ಟಾದ ಇನ್ನೊಂದು ಕುರಿಯನ್ನೂ ನೋಡಬೇಕು. ಆರೋಗ್ಯದ ಕುರಿ ಏನು ಮಾಡುತ್ತದೆಂದು ತಿಳಿಯದೆ ರೋಗದ್ದು ಇದು ಎಂದು ಹೇಗೆ ಹೇಳುತ್ತೀರಿ? ಒಂದು ಕಣ್ಣಿನ ಮುಂದೆ, ಆಮೇಲೆ ಇನ್ನೊಂದರ ಮುಂದೆ ಬಟ್ಟೆ ಆಡಿಸಬೇಕು. ಇಬ್ಬರು ಬರೆಯಬೇಕು, ಒಬ್ಬರದನ್ನು ಒಬ್ಬರು ನೋಡಬಾರದು. ಕುರಿ ಸತ್ತ ಮೇಲೆ, ತಲೆ ತೆರೆಯುವ ಮೊದಲು, ಗಂಟು ಎಲ್ಲಿರಬೇಕೆಂಬ ತಮ್ಮ ಊಹೆಯನ್ನು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸುತ್ತಿದ್ದರು. ತೆರೆದು ನೋಡಿದ ಮೇಲೆ ಲಕೋಟೆ ಒಡೆಯುವುದು. ಊಹೆ ತಪ್ಪಿದ್ದರೆ ಅದನ್ನೂ ದೊಡ್ಡಕ್ಷರದಲ್ಲಿ ಬರೆಯುವುದು. ಮಿದುಳು ಫಾರ್ಮಾಲಿನ್ ತುಂಬಿದ ಒಂದು ಬಾಟಲಿಯಲ್ಲಿ, ಬಾಟಲಿಯ ಮೇಲೆ ನಂಬರು, ಅದೇ ನಂಬರು ನೋಟುಬುಕ್ಕಿನಲ್ಲಿ.

ಗಂಟು ಇದ್ದ ಕಡೆಗೇ ಕುರಿ ತಿರುಗುತ್ತದೆ ಎಂದು ಮಮದಾಪುರದ ಬೀರಪ್ಪ ಎಂಬ ಮುದುಕ ಕುರುಬ ಹೇಳಿದ್ದ. ಬಹಳ ಸಲ ಅದು ಸರಿಯಾಗಿತ್ತು. ಕೆಲವು ಸಲ ತೀರ ತಿರುವುಮುರುವು. ಗಂಟು ಮೇಲೆಮೇಲೆ ಇದ್ದರೆ ಒಂದು ಕಡೆ, ಆಳದಲ್ಲಿದ್ದರೆ ಇನ್ನೊಂದು ಕಡೆ ಇರಬಹುದೇ ಎಂಬ ಸಂಶಯ ಜೈನಬ್ ಬಾಯಿಗೆ ಬಂದಿತ್ತು. ಅದನ್ನು ತಿಳಿಯಲು ಬಾಟಲಿಯ ಮಿದುಳುಗಳನ್ನೆಲ್ಲ ಕೊನೆಗೆ ಒಟ್ಟಿಗೆ ಕೊಯ್ದು ಆಳ ಅಳೆಯಬೇಕಿತ್ತು. ಕಣ್ಣಿನ ವಿಷಯದಲ್ಲಿ ಮಾತ್ರ ಅವರ ಲಕೋಟೆ ತಪ್ಪುತ್ತಿದ್ದದ್ದು ಕಡಿಮೆ: ಎಡ ಮಿದುಳಿನ ಹಿಂಭಾಗದಲ್ಲಿ ಗಂಟಿದ್ದರೆ ಬಲಗಡೆಯದು ಕಾಣುವುದಿಲ್ಲ. ಇನ್ನೊಂದೆರಡು ವರ್ಷ ನೋಡಿ, ಬರೆದು, ಹೊರಗಿನ ವಿಜ್ಞಾನ ಪತ್ರಿಕೆಗೆ ಕಳಿಸುವುದೆಂದು ಅವರ ಎಣಿಕೆ.

ಒಮ್ಮೆ ನಾನು ಅವರಿಗೆ ಮೋಸ ಮಾಡಿದೆ. ನಮ್ಮ ಮನೆಯದೇ ಒಂದು ಕುರಿಗೆ ಬೇನೆ ಬಂದಿತ್ತು. ಬೆಳಿಗ್ಗೆ ಅದನ್ನು ನೋಡಿ ಬರೆದು ಬಸ್ಸು ಹತ್ತುವುದು ನನ್ನ ಪಾಳಿ. ನಡುವೆ ಬಿಜ್ಜರಗಿಯಲ್ಲಿ ಮದುವೆಯೆಂದು ಮೂರು ದಿನ ಹೋದೆ. ತಿರುಗಿ ಬಂದವಳು ನೇರವಾಗಿ ಕಾಲೇಜಿಗೆ ಹೋಗಿ, ಬಸ್ಸಿನಲ್ಲೇ ತುಂಬಿಸಿದ ಮೂರು ದಿನದ ಬರಹ ಒಪ್ಪಿಸಿದೆ. ಅವರು ಓದಿದರು. ಮೇಜಿನ ಕೆಳಗಿನಿಂದ ಒಂದು ಗೋಣಿಚೀಲ ಎಳೆದರು. ಅದರೊಳಗೆ ನಮ್ಮ ಕುರಿಯ ತಲೆ ಇತ್ತು. ಎರಡನೇ ದಿನವೇ ಅದು ಸತ್ತಿತ್ತು. ನನ್ನ ಅಣ್ಣ ಶಿವಪುತ್ರ, ಬಾಯಾರಿಗೆ ಬೇಕಾಗುತ್ತದೆಂದು, ತಾನೇ ಬಸ್ಸಿನಲ್ಲಿ ತಂದು ಕೊಟ್ಟು ಹೋಗಿದ್ದ.

"ಬುಧವಾರ ಎಡಕ್ಕ ಹನ್ನೊಂದ ಸುತ್ತು ಅಂತ ಬರದೀದಿ. ಮಂಗಳವಾರ ಸತ್ತ ಕುರಿ ಬುಧವಾರ ಹನ್ನೊಂದ ಸುತ್ತ ಹೊಡೀತೇನ ಲೇ?"

ನಾನು ಹಾಳೆಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದೆ.

"ನೋಡಿಲ್ಲ ಅಂತ ಬರೀಬೇಕಿತ್ತು. ಖಾಲಿ ಹಾಳಿ ಇಟ್ಟಿದ್ರೂ ಅದು ಖರೇ ಇರತಿತ್ತು. ಈಗ ನೀ ಹಿಂದ ಬರದದ್ದೆಲ್ಲ ಖರೇನೋ ಸುಳ್ಳೋ ನನಗ ಹೆಂಗ ಗೊತ್ತಾಗಬೇಕು?"

ನಾನು ಅಲ್ಲಿಯವರೆಗೆ ಬರೆದದ್ದನ್ನೆಲ್ಲ ಅವರು ಲೆಕ್ಕದಿಂದ ತೆಗೆದುಹಾಕಿದರು. ಎರಡು ವಾರ ನನ್ನೊಂದಿಗೆ ಮಾತಾಡಲಿಲ್ಲ. ಆಮೇಲೆ ಒಂದು ಶನಿವಾರ ಏನೂ ಆಗದವರಂತೆ "ನಾಳೆ ಕೊಡೆ ತೊಗೊಂಡ ಬಾ" ಎಂದರು.

ಇನ್ನು ನಾನು ಹೇಳಬೇಕಾದ ಸಂಗತಿ.

ಶಿವಪುತ್ರಣ್ಣನ ಹೆಂಡತಿ ಮಹಾದೇವಿ, ನನಗೆ ವೈನಿ, ಬಿಜ್ಜರಗಿಯ ಹೆಣ್ಣುಮಗಳು. ಕುರಿ, ನಾಯಿಗಳ ನಡುವೆಯೇ ಬೆಳೆದವಳು. ಚುರುಕಿನ ಹುಡುಗಿ, ಆ ವರ್ಷ ಹೇಗೋ ಆಗತೊಡಗಿದ್ದಳು. ಬೆಳಿಗ್ಗೆ ತಲೆನೋವು, ವಾಂತಿ. ಬಾಗಿಲಿಗೆ ಬಡಿದುಕೊಳ್ಳುವುದು. ತಾಟಿನಲ್ಲಿ ಒಂದು ಕಡೆಯ ಪಲ್ಯ ಹಾಗೇ ಬಿಡುವುದು. ಎರಡು ಸಲ ಬಲಗೈ ಜಗ್ಗಿ ಜಗ್ಗಿ ನೆಲಕ್ಕೆ ಬಿದ್ದು ಬಾಯಲ್ಲಿ ನೊರೆ ತಂದಳು. ಗಾಳಿ ಸೋಕಿದೆ ಎಂದರು. ಯಾರನ್ನೋ ಕರೆಸಿದರು. ಅವನು ಮೆಣಸಿನಕಾಯಿ ಹೊಗೆ ಹಾಕಿದ, ಬೇವಿನ ಕಡ್ಡಿಯ ಬರಲಿನಿಂದ ಹೊಡೆದ. ಆಕೆಯ ಕೈ ಹಿಡಿದುಕೊಂಡವನು ಅಣ್ಣ. ನಾನು ಒಳಮನೆಯಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದೆ. ಆಕೆ ಕೂಗಿದ್ದು ಕೇಳಿಸಿತು. ಪುಟ ತಿರುವಿದೆ.

ಹದಿನೈದು ದಿನಗಳ ಮೇಲೆ ಜೈನಬ್ ಬಾಯಿ ಟಿಕೋಟಾಕ್ಕೆ ಒಂದು ಕುರಿ ನೋಡಲು ಬಂದವರು ನಮ್ಮ ಮನೆಗೂ ಬಂದರು. ಅವ್ವ ಚಾಪೆ ಹಾಸಿದಳು. ವೈನಿ ಚಹಾ ತಂದಳು. ಬರುವಾಗ ಬಲಭುಜ ಬಾಗಿಲ ಚೌಕಟ್ಟಿಗೆ ಬಡಿದು ಚಹಾ ಚೆಲ್ಲಿತು. ಬಾಯಾರು ಚಹಾದ ಬಸಿ ಕೆಳಗಿಟ್ಟರು. ಆಕೆಯ ಬಲಕ್ಕೆ ಸರಿದು ಕೂತು "ಮಹಾದೇವಿ" ಎಂದು ಮೆಲ್ಲಗೆ ಕರೆದರು. ಆಕೆ ಪೂರ್ತಿ ತಲೆ ತಿರುಗಿಸಿ ಹುಡುಕಿದಳು. ಬಾಯಾರು ಆಕೆಯ ಸೆರಗು ಸರಿಸಿ ಎರಡೂ ತೋಳು ನೋಡಿದರು. ಬಾಸುಂಡೆಗಳಿನ್ನೂ ಇದ್ದವು. ಒಂದೊಂದಾಗಿ ಬೆರಳಿಟ್ಟು ನೋಡಿದರು. ನನ್ನನ್ನು ಹೊರಗೆ ಕರೆದರು.

"ಎಷ್ಟ ದಿನಾತು ಇದು?"

"ಮೂರ ತಿಂಗಳಾತ್ರಿ. ಗಾಳಿ ಸೋಕೇತಿ ಅಂತಾರ್ರೀ..."

ಅವರು ನನ್ನ ಕೆನ್ನೆಗೆ ಹೊಡೆಯುತ್ತಾರೆಂದೇ ಅಂದುಕೊಂಡೆ. ಹೊಡೆದಿದ್ದರೆ ಹಗುರವಾಗುತ್ತಿತ್ತು.

"ಮಮದಾಪುರದಾಗ ಯಾರದೋ ಕುರಿ ತಿರುಗಿದ್ರ ಗಡಿಯಾರ ಹಿಡದ ನಿಲ್ಲತಿ. ನಿಮ್ಮ ಮನ್ಯಾಗಿನ ಹೆಣ್ಮಗಳು ಬಲಕ್ಕ ಬಡಕೊಳ್ಳಾಕತ್ತಾಳ, ನಿನಗ ಕಾಣಲಿಲ್ಲ? ಮೂರ ತಿಂಗಳು! ನಾ ನಿನಗ ಏನ್ ಕಲಿಸೀನಿ ಲೇ? ಕುರಿ ನೋಡಾಕ ಕಲಿಸಿನೇನ?"

ಅಷ್ಟರಲ್ಲಿ ಅಣ್ಣ ಹೊಲದಿಂದ ಬಂದ. ಬಾಯಾರು ಸುತ್ತುಬಳಸಿ ಹೇಳುವವರಲ್ಲ. ತಲೆಯೊಳಗೆ ಗಂಟು ಇರಬಹುದು, ಮಿರಜಿನ ದೊಡ್ಡ ದವಾಖಾನೆಗೆ ಕರೆದೊಯ್ಯಬೇಕು ಎಂದರು. ಅಣ್ಣನ ಮುಖ ಕಪ್ಪಾಯಿತು.

"ನನ್ನ ಹೆಂಡ್ತಿ ಕುರಿ ಅಲ್ಲರೀ ಬಾಯಾರ."

"ಅಲ್ಲ. ಕುರಿ ಆಗಿದ್ರ ಇಷ್ಟೊತ್ತಿಗೆ ತಲಿ ಮುಟ್ಟಿ ನೋಡತಿದ್ದಿ, ಚೀಲದಾಗ ಹಾಕ್ಕೊಂಡ ನನ್ನ ತಾಕ ತರತಿದ್ದಿ. ಹೆಂಡ್ತಿ ಅಂತ ಬರಲ ತೊಗೊಂಡ ಬಡಿಸೀದಿ."

ಟಿಕೋಟಾದಲ್ಲಿ ಗಂಡಸಿನ ಎದುರು, ಅವನ ಕಟ್ಟೆಯ ಮೇಲೆ ನಿಂತು ಹಾಗೆ ಮಾತಾಡಿದ ಹೆಂಗಸನ್ನು ನಾನು ಮತ್ತೆ ಕಾಣಲಿಲ್ಲ. ಅಣ್ಣ "ನಡೀರಿ ಹೊರಗ" ಎಂದ. ಅವರು ಹೋಗಲಿಲ್ಲ. ಅವ್ವನ ಕಡೆ ತಿರುಗಿದರು.

"ಯವ್ವಾ, ನನ್ನ ಮಾತ ನಂಬಬ್ಯಾಡ್ರಿ. ಇವನ ಮಾತೂ ನಂಬಬ್ಯಾಡ್ರಿ. ಮೂರ ದಿನ ನೀವ ನೋಡ್ರಿ."

ಅವ್ವನಿಗೆ ಓದುಬರಹ ಇಲ್ಲ. ಬಾಯಾರು ಎರಡು ವಾಟಗ, ಅಂದರೆ ಬಟ್ಟಲು, ತರಿಸಿ, ಒಂದು ಹಿಡಿ ಹುಣಸೆಬೀಜ ಕೈಗೆ ಕೊಟ್ಟರು. ಸೊಸೆ ಬಲಕ್ಕೆ ಎಡವಿದರೆ ಅಥವಾ ಬಡಿದರೆ ಹಿತ್ತಾಳೆಯ ವಾಟಗದಲ್ಲಿ ಒಂದು ಬೀಜ, ಎಡಕ್ಕಾದರೆ ಕಂಚಿನದರಲ್ಲಿ. ನನ್ನ ಸಲುವಾಗಿಯೂ ಬೇರೆ ಎರಡು ವಾಟಗ. "ಸುಶೀಲಾನ್ನೂ ನೋಡ್ರಿ. ನೆಟ್ಟಗಿದ್ದ ಮಂದೀನೂ ಬಾಗಲಿಗೆ ಬಡೀತಾರ. ಎಷ್ಟ ಬಡೀತಾರ ಗೊತ್ತಾಗಲಿ." ನಾನು ನೋಟುಬುಕ್ಕಿನಲ್ಲಿ ಬೇರೆಯಾಗಿ ಬರೆಯಬೇಕು, ಅವ್ವನಿಗೆ ತೋರಿಸಬಾರದು.

ಮೂರನೇ ದಿನ ಸಂಜೆ ಅವ್ವ ವಾಟಗಗಳನ್ನು ಅಣ್ಣನ ಮುಂದೆ ಸುರಿದಳು. ನನ್ನವು ಎರಡರಲ್ಲೂ ಒಂದೊಂದು ಬೀಜ. ವೈನಿಯ ಕಂಚಿನದು ಖಾಲಿ. ಹಿತ್ತಾಳೆಯದರಿಂದ ಬೀಜ ಬಿದ್ದೇ ಬಿದ್ದವು. ನಾನು ಬರೆದದ್ದಕ್ಕೂ ಅವ್ವನ ಬೀಜಕ್ಕೂ ಒಂದೇ ಒಂದರ ವ್ಯತ್ಯಾಸ.

"ಗಾಳಿಗೆ ಎಡ ಬಲ ತಿಳೀತೈತೇನೋ?" ಎಂದಳು ಅವ್ವ. "ಬರೇ ಬಲಕ್ಕ ಬಡೀತೈತೇನ ಅದು?" ಅವಳು ಅಷ್ಟು ಗಟ್ಟಿಯಾಗಿ ಮಗನೊಂದಿಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. "ನಾನೂ ಹೊಗಿ ಹಾಕಸ್ರಿ ಅಂದೆ. ನನ್ನ ಬಾಯಿಗೆ ಮಣ್ಣ ಬೀಳಲಿ. ನಾಳೆ ನಡಿ."

ಅಣ್ಣ ಬೀಜಗಳನ್ನು ಒಂದೊಂದಾಗಿ ಎಣಿಸಿದ. ಮರುದಿನ ಅಥಣಿ ಮೇಲೆ ಮಿರಜಿನ ಕಡೆಗೆ ಹೋಗುವ ಮೊದಲ ಬಸ್ಸಿಗೆ ಎಲ್ಲರೂ ಹೊರಟೆವು. ನಾಲ್ಕನೇ ದಿನ ಬರುತ್ತೇನೆಂದು ಹೇಳಿಹೋಗಿದ್ದ ಜೈನಬ್ ಬಾಯಿ ರಜೆಯ ಅರ್ಜಿ ಬರೆದಿಟ್ಟು ವಿಜಾಪುರದಿಂದ ಅದೇ ಬಸ್ಸಿನಲ್ಲಿ ಬಂದಿದ್ದರು. ಹಾದಿಯಲ್ಲಿ ನಾನು ತಿಳಿಗೇಡಿಯಂತೆ ಕೇಳಿದೆ: "ಲಕೋಟಿ ಬರದೀರೇನ್ರಿ ಬಾಯಾರ?"

"ಬಾಯಿ ಮುಚ್ಚ. ಎಲ್ಲಾ ಕಡೆ ನನ್ನ ಮಾತ ಖರೇ ಆಗಲಿ ಅಂತೀನಿ, ಇಲ್ಲಿ ಸುಳ್ಳಾಗಲಿ ಅಂತ ಬೇಡಕೊಳ್ಳಾಕತ್ತೀನಿ" ಎಂದು ಕಿಟಕಿಯ ಕಡೆ ತಿರುಗಿದರು.

ಸುಳ್ಳಾಗಲಿಲ್ಲ. ಮಿರಜಿನ ಡಾಕ್ಟರು ನಮ್ಮ ಬರಹವನ್ನು ಎರಡು ಸಲ ಓದಿದರು. ಕುತ್ತಿಗೆಯ ರಕ್ತನಾಳಕ್ಕೆ ಔಷಧಿ ಬಿಟ್ಟು ತಲೆಯ ಎಕ್ಸರೇ ತೆಗೆಸಿದರು. ಎಡಗಡೆ, ಹಿಂಭಾಗ. ಆಪರೇಶನ್ ಮಾಡಿ ತೆಗೆದ ಗಂಟು ಮೋಸಂಬಿಯಷ್ಟಿತ್ತು. ಕುರಿಗಳಿಗೆ ಬರುವ ಹುಳುವಲ್ಲ, ಅದರ ನಂಟಿನ ಇನ್ನೊಂದು ಹುಳು; ನಾಯಿಯಿಂದ ಬರುತ್ತದೆ, ಬಹಳ ವರ್ಷದಿಂದ ಬೆಳೆದಿರಬೇಕು ಎಂದರು. ಇನ್ನೊಂದು ತಿಂಗಳು ತಡವಾಗಿದ್ದರೆ ಉಳಿಯುತ್ತಿರಲಿಲ್ಲ. ಬಲಗಡೆಯ ನೋಟ ಪೂರ್ತಿ ಬರಲಿಕ್ಕಿಲ್ಲ ಎಂದೂ ಹೇಳಿದರು, ಬರಲಿಲ್ಲ.

ತಲೆಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ವೈನಿ, ಮಾತಾಡುವ ಶಕ್ತಿ ಬಂದ ದಿನ, ನನ್ನನ್ನೇ ನೋಡುತ್ತ ಕೇಳಿದಳು: "ನನ್ನ ಹೊಡದದ್ದನ್ನೂ ಬರದೀಯೇನ ಸುಶೀ?"

ನಾನು ಬರೆದಿರಲಿಲ್ಲ. ಅದು ಬರೆಯುವ ಸಂಗತಿಯೆಂದು ನನಗೆ ಹೊಳೆದಿರಲಿಲ್ಲ. ಜೈನಬ್ ಬಾಯಿ ತಮ್ಮ ನೋಟುಬುಕ್ಕು ತೆರೆದು ಆಕೆಯ ಎಡಗಡೆ, ಕಾಣುವ ಕಡೆ, ಹಿಡಿದರು. ಒಂದು ಇಡೀ ಪುಟ ಅದಕ್ಕೇ ಇತ್ತು. ಎಡತೋಳು ಆರು, ಬಲತೋಳು ನಾಲ್ಕು, ಬೆನ್ನು ನೋಡಿಲ್ಲ. ವೈನಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ನಿಧಾನವಾಗಿ ಓದಿದಳು. "ಬೆನ್ನಿನ ಮ್ಯಾಲ ಒಂಬತ್ತ ಇದ್ದೂರಿ" ಎಂದಳು. ಬಾಯಾರು ಪೆನ್ಸಿಲು ತೆಗೆದು, "ಮಹಾದೇವಿ ಹೇಳಿದಂತೆ" ಎಂದು ಸೇರಿಸಿ, ಅದನ್ನು ಬರೆದರು. ಬಾಗಿಲಲ್ಲಿ ನಿಂತಿದ್ದ ಅಣ್ಣ ಹೊರಗೆ ಹೋದ.

ನಾವು ಮೂರು ವಾರ ಮಿರಜಿನಲ್ಲಿದ್ದೆವು. ಆ ಮೂರು ವಾರದಲ್ಲಿ ಕಾಲೇಜಿಗೆ ಯಾರೋ ದೊಡ್ಡವರು ತಪಾಸಣೆಗೆ ಬರುತ್ತಾರೆಂದು ನಮ್ಮ ವಿಭಾಗದ ಮುಖ್ಯಸ್ಥರು ಬಾಯಾರ ಕೋಣೆಯನ್ನು ಸ್ವಚ್ಛ ಮಾಡಿಸಿದ್ದರು. ಸ್ವಚ್ಛ! ಐದು ವರ್ಷದ ಬಾಟಲಿಗಳನ್ನೆಲ್ಲ ಹಿತ್ತಲ ತಿಪ್ಪೆಗುಂಡಿಗೆ ಬಗ್ಗಿಸಿ, ನಂಬರು ಕೆರೆದು ತೆಗೆಸಿ, ತೊಳೆಸಿ, ಕಿಟಕಿಯಲ್ಲಿ ಮನಿಪ್ಲಾಂಟ್ ಹಾಕಿಸಿದ್ದರು. ಬಾಗಿಲು ತೆರೆದಾಗ ನಾನು ಜೊತೆಯಲ್ಲೇ ಇದ್ದೆ. ಎಳೆ ಬೇರುಗಳು ಆ ಬಾಟಲಿಗಳೊಳಗೆ ಬಿಳಿಯಾಗಿ ಇಳಿಬಿದ್ದಿದ್ದವು.

ಒಂದು ಶಬ್ದಕ್ಕೆ ತರಗತಿಯನ್ನೇ ನಡುಗಿಸುತ್ತಿದ್ದವರು ಆ ದಿನ ಕೂಗಲಿಲ್ಲ. ಮುಖ್ಯಸ್ಥರ ಮುಂದೆ ಹೋಗಿ "ಯಾವ ದಿನ ತಿಪ್ಪಿಗೆ ಒಗಸಿದ್ರಿ?" ಎಂದಷ್ಟೇ ಕೇಳಿದರು.

ಮುಖ್ಯಸ್ಥರು ನಕ್ಕರು. "ಕುರಿ ತಲಿ ಸಲುವಾಗಿ ಇಷ್ಟ ಯಾಕ್ರೀ ಬಾಯಾರ? ನಾಳೆ ಕಸಾಯಿಖಾನಿಗೆ ಹೇಳಿ ಕಳಸಿದ್ರ ಒಂದ ಬಂಡಿ ಬರತಾವ. ನಿಮ್ಮ ಮೂರ ವಾರದ ರಜಾಕ್ಕ ಮಂಜೂರಿ ಇಲ್ಲ, ಮೊದಲ ಅದರ ಬಗ್ಗೆ ಮಾತಾಡೂಣು."

ಕಸಾಯಿಖಾನೆಯಿಂದ ಬರುವ ತಲೆ ಬದುಕಿದ್ದಾಗ ಎತ್ತ ತಿರುಗುತ್ತಿತ್ತೆಂದು ಯಾರು ಹೇಳಬೇಕು? ಆ ಮನುಷ್ಯನಿಗೆ ಇದು ತಿಳಿಯದ್ದಲ್ಲ. ಅವರೂ ಅದೇ ಶಾಸ್ತ್ರ ಓದಿದವರು. ತಿಳಿದೂ ಮಾಡಿದರು ಎಂದು ಬರೆಯಲು ನನ್ನ ಬಳಿ ಪುರಾವೆ ಇಲ್ಲ. ಕಂಡದ್ದನ್ನು ಬರೆಯುತ್ತೇನೆ: ಅವರು ನಕ್ಕರು.

ಮಧ್ಯಾಹ್ನ ನಾವಿಬ್ಬರೂ ಸಲಿಕೆ ತೆಗೆದುಕೊಂಡು ಗುಂಡಿ ಕೆದಕಿದೆವು. ಕಿಟಕಿಗಳಲ್ಲಿ ಹುಡುಗರು ನಿಂತು ನೋಡಿ ಕಿಸಿಯುತ್ತಿದ್ದರು. ಬೂದಿ, ಕಸದ ನಡುವೆ ಒಂಬತ್ತು ಮಿದುಳು ಸಿಕ್ಕವು. ಯಾವುದು ಯಾವ ಕುರಿಯದೆಂದು ಹೇಳುವಂತಿರಲಿಲ್ಲ. ಜೈನಬ್ ಬಾಯಿ ಒಂದನ್ನು ಕೈಯಲ್ಲಿ ಹಿಡಿದು, ಅತ್ತಿತ್ತ ಹೊರಳಿಸಿ, ಮತ್ತೆ ಅಲ್ಲೇ ಇಟ್ಟರು.

"ನೋಟಬುಕ್ಕ ಅದಾವಲ್ರೀ" ಎಂದೆ.

"ಕುರಿ ಏನ ಮಾಡಿತು ಅನ್ನೂದ ಉಳೀತು. ಯಾಕ ಮಾಡಿತು ಅನ್ನೂದ ಹೋತು" ಎಂದು ಕೈ ತೊಳೆಯಲು ಎದ್ದರು.

"ಮತ್ತ ಶುರು ಮಾಡೂಣ್ರಿ ಬಾಯಾರ. ನಾ ಇರತೀನಿ."

ಆಗ ಕೂಗಿದರು. ಇಡೀ ಹಿತ್ತಲಿಗೆ ಕೇಳುವಂತೆ ಕೂಗಿದರು. "ಮತ್ತ ಐದ ವರ್ಷ ಯಾರ ಕೊಡತಾರ ನನಗ? ನೀ ಕೊಡತಿಯೇನ? ನಿಮ್ಮಣ್ಣ ಕೊಡತಾನೇನ? ಎಲ್ಲಾರೂ ಮತ್ತ ಶುರು ಮಾಡು ಅಂತಾರ, ಒಬ್ಬರೂ ಒಗದವರನ್ನ ಕೇಳೂದಿಲ್ಲ!"

ಯಾರೂ ಕೇಳಲಿಲ್ಲ, ನಿಜ. ನಾನೂ ಕೇಳಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಪ್ರಾಯೋಗಿಕದ ಅಂಕ ಮುಖ್ಯಸ್ಥರ ಕೈಯಲ್ಲಿದ್ದವು. ವರ್ಷದ ಕೊನೆಗೆ ಜೈನಬ್ ಬಾಯಿ ಕೆಲಸ ಬಿಟ್ಟರು. ತಂಗಿಯ ಊರು ಹೈದರಾಬಾದಿಗೆ ಹೋಗಿ ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಾರೆಂದು ತಿಳಿಯಿತು. ವಿಜಾಪುರದ ಸ್ಟೇಶನ್ನಿನಲ್ಲಿ ಅವರನ್ನು ಕಳಿಸಲು ಬಂದವರು ಅವರ ಅಣ್ಣಂದಿರು, ವೈನಿ, ನಾನು. ಅಣ್ಣ ಟಿಕೋಟಾದಿಂದ ವೈನಿಯನ್ನು ಕರೆತಂದಿದ್ದ. ಸ್ಟೇಶನ್ನಿನ ಹೊರಗೇ ನಿಂತಿದ್ದ, ಒಳಗೆ ಬರಲಿಲ್ಲ. ವೈನಿ ಶೇಂಗಾದ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು. ಬಾಯಾರು ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ. ವೈನಿಯನ್ನು ಮಾತ್ರ ಬಾಯಿ ತುಂಬ ಬೈದರು, ತಲೆಗೆ ಎಣ್ಣೆ ಹಾಕಿಲ್ಲವೆಂದು, ಸೊರಗಿದ್ದಾಳೆಂದು.

ನಾನು ಎರಡು ಕಾಗದ ಬರೆದೆ. ಉತ್ತರ ಬರಲಿಲ್ಲ. ಮೂರನೆಯದನ್ನು ಬರೆಯಲಿಲ್ಲ. ನಾಲ್ಕನೇ ವರ್ಷ ಅವರ ಅಣ್ಣನ ಅರಿವೆ ಅಂಗಡಿಗೆ ಹೋದಾಗ ಅವರು ಬಟ್ಟೆ ಅಳೆಯುತ್ತಲೇ ಹೇಳಿದರು: ಜೈನಬ್ ತೀರಿಹೋಗಿ ಎರಡು ತಿಂಗಳಾಯಿತು, ಜ್ವರ ಬಂದಿತ್ತು.

ಟಿಕೋಟಾಕ್ಕೆ ಹೋಗಿ ವೈನಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿದಳು.

"ಯಾವ ಜ್ವರ?"

"ಗೊತ್ತಿಲ್ಲ."

"ಎಷ್ಟ ದಿನ ಇತ್ತು? ಬಾಜೂಕ ಯಾರಿದ್ರು?"

"ಗೊತ್ತಿಲ್ಲ ವೈನಿ. ನಾ ಕೇಳಲಿಲ್ಲ."

ಹಂಚಿನ ಮೇಲಿನ ರೊಟ್ಟಿ ಸುಡತೊಡಗಿತ್ತು. ಆಕೆ ಅದನ್ನು ತೆಗೆಯಲಿಲ್ಲ. ತಲೆ ಪೂರ್ತಿ ತಿರುಗಿಸಿ ನನ್ನನ್ನು ನೋಡಿದಳು.

"ನಾಕ ವರ್ಷದಾಗ ಒಮ್ಮೆರ ಹೋಗಿ ನೋಡಿ ಬರಬೇಕಿತ್ತು ನೀ" ಎಂದಳು. ಗಟ್ಟಿಯಾಗಿಯೇ. "ನನಗಂತೂ ಹಾದಿ ಕಾಣೂದಿಲ್ಲ. ನಿನಗೇನ್ ಆಗಿತ್ತು?"

ಆ ಮನೆಯಲ್ಲಿ ವೈನಿ ಯಾರ ಮೇಲಾದರೂ ಸಿಟ್ಟಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಎದ್ದು ಹೋಗಿ, ಸುಟ್ಟ ರೊಟ್ಟಿಯನ್ನು ಹಂಚಿನಿಂದ ಇಳಿಸಿದೆ.